ಲಕ್ಷಣವೇ ಇಲ್ಲದವರಿಗೆ ಕ್ಯಾನ್ಸರ್ ತಪಾಸಣೆ ಬೇಕೇ?

ಪರ

ಗರ್ಭಕಂಠದ ಕ್ಯಾನ್ಸರ್ ರಾತ್ರೋರಾತ್ರಿ ಹುಟ್ಟುವುದಿಲ್ಲ. ಒಳಹೊಕ್ಕ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸನ್ನು ಹೊರಹಾಕಲು ದೇಹಕ್ಕೆ ಆಗದಿದ್ದಾಗ ಜೀವಕೋಶಗಳು ಕ್ರಮೇಣ ರೂಪಗೆಡುತ್ತವೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳೇ ಬೇಕು. ಇಷ್ಟು ವ್ಯವಧಾನ ಕೊಡುವ ಕಾಯಿಲೆಯನ್ನೂ ತಡೆಯದಿದ್ದರೆ ವೈದ್ಯಶಾಸ್ತ್ರ ಇರುವುದಾದರೂ ಯಾಕೆ? ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದ ಮೇಲ್ಪದರವನ್ನು ಮೆಲ್ಲಗೆ ಸವರಿ, ಸಿಕ್ಕ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಕೋಶಕೇಂದ್ರ ಊದಿಕೊಂಡು, ಕಪ್ಪಗಾಗಿ, ಅದರ ಅಂಚು ಅಂಕುಡೊಂಕಾಗಿದ್ದರೆ ಅದೇ ಸುಳಿವು. ಆ ಹಂತದಲ್ಲಿ ಕೆಟ್ಟ ಭಾಗವನ್ನಷ್ಟೇ ತೆಗೆದರೆ ಸಾಮಾನ್ಯವಾಗಿ ಸಾಕಾಗುತ್ತದೆ, ಗರ್ಭಕೋಶ ಉಳಿಯುತ್ತದೆ. ಈ ಪರೀಕ್ಷೆ ಶಿಸ್ತಿನಿಂದ ನಡೆದ ದೇಶಗಳಲ್ಲಿ ಸಾವು ಗಣನೀಯವಾಗಿ ಇಳಿದಿದೆ.

ಶ್ವಾಸಕೋಶದ ವಿಷಯದಲ್ಲೂ ಪುರಾವೆ ಇದೆ. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಮಂದಿ ಹಾಲಿ ಮತ್ತು ಮಾಜಿ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎದೆಯ ಎಕ್ಸ್-ರೇ ಮಾಡಿಸಿಕೊಂಡವರಿಗಿಂತ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 20ರಷ್ಟು ಕಡಿಮೆಯಿತ್ತು. ಕಫದಲ್ಲಿ ರಕ್ತ ಕಾಣಲಿ, ಆಮೇಲೆ ನೋಡೋಣ ಎನ್ನುವವರು ಈ ಅಂಕಿಯನ್ನು ಎದುರಿಟ್ಟುಕೊಂಡು ಮಾತನಾಡಲಿ.

ವಿರೋಧ

ಅದೇ ಅಧ್ಯಯನದ ಇನ್ನೊಂದು ಅಂಕಿ: ಸ್ಕ್ಯಾನ್‌ನಲ್ಲಿ ಅನುಮಾನ ಮೂಡಿಸಿದ ಫಲಿತಾಂಶಗಳಲ್ಲಿ ನೂರಕ್ಕೆ ತೊಂಬತ್ತಾರು ಕ್ಯಾನ್ಸರ್ ಆಗಿರಲಿಲ್ಲ. ಆ ಆತಂಕದ ದಿನಗಳಿಗೆ ಲೆಕ್ಕ ಇಟ್ಟವರು ಯಾರು?

ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಕೆಲವು ನುಗ್ಗುತ್ತವೆ, ಕೆಲವು ತೆವಳುತ್ತವೆ, ಕೆಲವು ಆಯುಷ್ಯ ಮುಗಿಯುವವರೆಗೂ ಸದ್ದೇ ಮಾಡುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಸರ್ಕಾರ 1999ರಲ್ಲಿ ಆರಂಭಿಸಿದ ತಪಾಸಣಾ ಕಾರ್ಯಕ್ರಮದಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ಬಂದವರಿಗೆಲ್ಲ, ಇನ್ನೊಂದಿಷ್ಟು ಹಣ ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಆಗುತ್ತದೆ ಎಂದು ಆಸ್ಪತ್ರೆಗಳು ಆಹ್ವಾನ ನೀಡಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಪತ್ತೆಯಾದವರಲ್ಲಿ ಬಹುಪಾಲು ಜನ ಶಸ್ತ್ರಚಿಕಿತ್ಸೆಗೆ ಒಳಗಾದರು. ಗ್ರಂಥಿ ಪೂರ್ತಿ ಹೋದವರಿಗೆ ಜೀವನಪೂರ್ತಿ ಹಾರ್ಮೋನ್ ಮಾತ್ರೆ. ಕೆಲವರ ಧ್ವನಿತಂತುಗಳಿಗೆ ಪಾರ್ಶ್ವವಾಯು. ಅವರಲ್ಲಿ ಎಷ್ಟೋ ಮಂದಿಗೆ ಆ ಗಂಟು ಎಂದೂ ತೊಂದರೆ ಕೊಡುತ್ತಿರಲಿಲ್ಲ.

ಜಪಾನ್ ಆರು ತಿಂಗಳ ಹಸುಳೆಗಳ ಮೂತ್ರ ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮಾ ಎಂಬ, ಎಳೆಯ ನರಕೋಶಗಳಲ್ಲಿ ಹುಟ್ಟುವ ಮಕ್ಕಳ ಕ್ಯಾನ್ಸರನ್ನು ಹುಡುಕುತ್ತಿತ್ತು. ಸಿಕ್ಕವುಗಳಲ್ಲಿ ಹಲವು ತಾವಾಗಿಯೇ ಕರಗಿಹೋಗುವಂಥವು. ಕೊನೆಗೆ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು.

ರೋಗ ಪತ್ತೆಯಾದ ಮೇಲೆ ಐದು ವರ್ಷ ಬದುಕಿದವರ ಸಂಖ್ಯೆ ಏರಿದೆ ಎಂಬ ಜಾಹೀರಾತನ್ನೂ ಕೊಂಚ ಬಿಡಿಸಿ ನೋಡಬೇಕು. ಒಬ್ಬ ವ್ಯಕ್ತಿ 70ರಲ್ಲಿ ಸಾಯುವುದು ಖಚಿತ ಎಂದಿಟ್ಟುಕೊಳ್ಳಿ. ರೋಗ 67ರಲ್ಲಿ ಗೊತ್ತಾದರೆ ಆತ ಚಿಕಿತ್ಸೆ ಫಲಿಸದವರ ಪಟ್ಟಿಯಲ್ಲಿ; ತಪಾಸಣೆಯಿಂದ 62ರಲ್ಲೇ ಗೊತ್ತಾದರೆ ಬದುಕುಳಿದವರ ಪಟ್ಟಿಯಲ್ಲಿ. ಆಯುಷ್ಯಕ್ಕೆ ಒಂದು ದಿನವೂ ಸೇರಲಿಲ್ಲ, ರೋಗಿಯಾಗಿ ಕಳೆದ ಐದು ವರ್ಷ ಮಾತ್ರ ಹೆಚ್ಚಾಯಿತು.