ಆ ಬಿಳಿ ಡಬ್ಬಿ ಯಾರದು?

ಹೋದ ಜನವರಿಯಲ್ಲಿ, ಸಂಕ್ರಮಣಕ್ಕೆ ಎರಡು ದಿನ ಇರುವಾಗ, ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಇಂಟರ್ನೆಟ್ ಕೊಟ್ಟಿರುವ ಕೇಬಲ್‌ನವರಿಗೆ ಫೋನ್ ಮಾಡಿ, ಅವರು ಗೋಡೆಗೆ ಬಡಿದು ಹೋಗಿರುವ ಬಿಳಿ ಡಬ್ಬಿಯ ಪಾಸ್‌ವರ್ಡ್ ಕೇಳಿದೆ. ವೈಫೈ ಪಾಸ್‌ವರ್ಡ್ ಅಲ್ಲ, ಡಬ್ಬಿಯ ಸೆಟ್ಟಿಂಗುಗಳಿರುವ ಒಳಗಿನ ಪುಟವನ್ನು ತೆರೆಯುವ ಪಾಸ್‌ವರ್ಡ್. ಅತ್ತ ಕಡೆಯ ಹುಡುಗ ಒಂದು ಕ್ಷಣ ಸುಮ್ಮನಾಗಿ, "ಅದನ್ನ ಯಾರಿಗೂ ಕೊಡಂಗಿಲ್ರಿ ಅಣ್ಣಾರ. ಏನ್ ಬೇಕಾಗೇತಿ ಹೇಳ್ರಿ, ನಾ ಬಂದು ಮಾಡಿಕೊಡ್ತೀನಿ. ನೀವ್ಯಾಕ ತ್ರಾಸ ತಗೋತೀರಿ?" ಎಂದ. ಆ ಮಾತಿನಲ್ಲಿ ಎಳ್ಳಷ್ಟೂ ಒರಟುತನವಿರಲಿಲ್ಲ. ಬಹುಶಃ ಅದಕ್ಕೇ ನನಗೆ ಚುಚ್ಚಿತು. ಜಗಳವಾಡಲು ಬಂದವನಿಗೆ ಚಹಾ ಕೊಟ್ಟು ಕೂರಿಸಿದ ಹಾಗೆ.

ನನಗೆ ಬೇಕಾಗಿದ್ದುದು ಬಹಳ ಸಣ್ಣ ಕೆಲಸ: ವೈಫೈ ಪಾಸ್‌ವರ್ಡ್ ಬದಲಿಸುವುದು. ಸಂಪರ್ಕ ಹಾಕಿದ ದಿನವೇ ಆ ಹುಡುಗ ಅಪ್ಪನ ಮೊಬೈಲ್ ನಂಬರನ್ನು ವೈಫೈ ಪಾಸ್‌ವರ್ಡ್ ಮಾಡಿ ಹೋಗಿದ್ದ. ಅಪ್ಪ ಮೂವತ್ತೆರಡು ವರ್ಷ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಅವರ ನಂಬರ್ ಇಲ್ಲದ ಫೋನು ನಮ್ಮ ಸೆಕ್ಟರಿನಲ್ಲಿ ಸಿಗುವುದು ಕಷ್ಟ. ಹೀಗಾಗಿ ಸಂಜೆ ಆರಾಯಿತೆಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಐದಾರು ಹುಡುಗರು ತಲೆ ತಗ್ಗಿಸಿ ಸಾಲಾಗಿ ಕೂತಿರುತ್ತಾರೆ. ಮೊದಲ ದಿನ ನಾನು ಅವರನ್ನು ಯಾರದೋ ಸಾವಿನ ಸುದ್ದಿ ತಿಳಿದು ಬಂದವರೆಂದೇ ಭಾವಿಸಿದ್ದೆ. ಅಕ್ಕಪಕ್ಕದಲ್ಲಿ ವಿಚಾರಿಸಿದರೆ ಅಲ್ಲಿಯೂ ಅದೇ ಕಥೆ: ಮನೆಯ ಯಜಮಾನರ ಮೊಬೈಲ್ ನಂಬರೇ ಮನೆಯ ಬೀಗದ ಕೈ.

ಅಮೆರಿಕದ ಓಹಾಯೋ ರಾಜ್ಯದಲ್ಲಿ, ಕೊಲಂಬಸ್ ನಗರದ ಹೊರವಲಯದಲ್ಲಿ, ನಾನು ಈಗ ವಾಸವಾಗಿರುವ ಮನೆಗೆ ಇಂಟರ್ನೆಟ್ ಬರುವುದು ಟೀವಿಯ ಕೇಬಲ್ಲಿನಲ್ಲಿ, ಅಂದರೆ ನಮ್ಮೂರಿನವರು ಡಿಶ್ ವಾಯರ್ ಎನ್ನುವ ಆ ದಪ್ಪ ಕರಿಯ ತಂತಿಯಲ್ಲಿ. ಆ ತಂತಿ ಬಂದು ಸೇರುವ ಡಬ್ಬಿಗೆ, ಅಂದರೆ ಮಾಡೆಮ್ಮಿಗೆ, ಮೊದಲ ಮೂರು ವರ್ಷ ತಿಂಗಳಿಗೆ 14 ಡಾಲರಿನಂತೆ ಬಾಡಿಗೆ ಕಟ್ಟಿದೆ. ಒಂದು ದಿನ ಹಳೆಯ ಬಿಲ್ಲುಗಳನ್ನು ಕೂಡಿಸುತ್ತ ಕುಳಿತಾಗ 504 ಡಾಲರ್ ಆದದ್ದು ಕಂಡು ಹೊಟ್ಟೆ ಉರಿಯಿತು. ಮರುದಿನವೇ ಅಂಗಡಿಗೆ ಹೋಗಿ 160 ಡಾಲರಿಗೆ ನನ್ನದೇ ಒಂದು ಮಾಡೆಮ್ ತಂದೆ; ಹನ್ನೆರಡು ತಿಂಗಳು ತುಂಬುವುದರೊಳಗೆ ಬಾಡಿಗೆಯ ಲೆಕ್ಕದಲ್ಲಿ ಅದರ ಬೆಲೆ ಮುಟ್ಟಿಹೋಯಿತು.

ಹೀಗೆ ಅಂಗಡಿಯಿಂದ ತಂದು ಹಚ್ಚಲು ಸಾಧ್ಯವಾಗುವುದು ಅಲ್ಲಿಯ ಕೇಬಲ್ ಉದ್ಯಮದವರೆಲ್ಲ ಕೂಡಿ ಮಾಡಿಕೊಂಡ ಡಾಕ್ಸಿಸ್ ಎಂಬ ಒಂದು ಸಮಾನ ನಿಯಮದಿಂದ. ಅದರ ಮೊದಲ ಆವೃತ್ತಿ ಬಂದದ್ದು 1997ರಲ್ಲಿ, 3.0 ಎಂಬುದು 2006ರಲ್ಲಿ, 3.1 ಎಂಬುದು 2013ರಲ್ಲಿ. ಯಾರು ತಯಾರಿಸಿದ ಮಾಡೆಮ್ ಆದರೂ ಆ ನಿಯಮಕ್ಕೆ ಒಳಪಟ್ಟು, ನಮ್ಮ ಕೇಬಲ್ ಕಂಪನಿಯ ಒಪ್ಪಿಗೆಯ ಪಟ್ಟಿಯಲ್ಲಿದ್ದರೆ ಸಾಕು. ತಂತಿಯನ್ನು ತಿರುಪಿ, ಕಂಪನಿಗೆ ಫೋನ್ ಮಾಡಿ, ಮಾಡೆಮ್ಮಿನ ಅಡಿಯಲ್ಲಿ ಅಂಟಿಸಿರುವ ಅದರ ಗುರುತಿನ ಸಂಖ್ಯೆ, ಮ್ಯಾಕ್ ನಂಬರನ್ನು ಓದಿ ಹೇಳಿದೆ. ಇಪ್ಪತ್ತು ನಿಮಿಷ ದೀಪಗಳು ಮಿಣಮಿಣ ಎಂದವು, ನನ್ನ ವೇಗದ ಮಿತಿಯನ್ನು ಬರೆದಿಟ್ಟ ಒಂದು ಪುಟ್ಟ ಕಡತ ಕಂಪನಿಯಿಂದ ಇಳಿದು ಬಂತು, ಸಂಪರ್ಕ ಹತ್ತಿತು. ಗಿರಾಕಿ ತಾನೇ ಕೊಂಡು ತಂದ ಮಾಡೆಮ್ಮಿಗೆ ಕಂಪನಿ ಬಾಡಿಗೆ ಹಾಕಬಾರದು ಎಂಬ ಕಾನೂನೂ ಅಲ್ಲಿ 2020ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಅಂಥದ್ದೊಂದು ಕಾನೂನು ಬೇಕಾಯಿತು ಎಂದರೆ ಅಲ್ಲಿಯವರೂ ಕಡಿಮೆಯವರಲ್ಲ ಎಂಬುದನ್ನು ಓದುಗರು ಊಹಿಸಬಹುದು.

ಆದರೆ ನನಗೆ ಹಣ ಉಳಿದದ್ದಕ್ಕಿಂತ ಹೆಚ್ಚು ಹಿಡಿಸಿದ್ದು ಬೇರೆ. ಕಂಪ್ಯೂಟರಿನಲ್ಲಿ 192.168.100.1 ಎಂದು ಒತ್ತಿದರೆ ಮಾಡೆಮ್ ತನ್ನ ಹೊಟ್ಟೆಯನ್ನೇ ತೆರೆದು ತೋರಿಸುತ್ತದೆ. ಹೊರಗಿನ ಇಂಟರ್ನೆಟ್ ಸತ್ತಿದ್ದರೂ ಆ ಪುಟ ಬರುತ್ತದೆ. ಒಂದೊಂದು ಚಾನೆಲ್ಲಿನ ಸಂಕೇತದ ಶಕ್ತಿ ಎಷ್ಟು, ಅದರಲ್ಲಿ ಬೆರೆತ ಗದ್ದಲ ಎಷ್ಟು, ಎಷ್ಟು ಸಲ ತಪ್ಪಾಯಿತು, ಎಷ್ಟು ಹೊತ್ತಿಗೆ ಸಂಪರ್ಕ ಕಡಿಯಿತು ಎಂಬುದೆಲ್ಲ ಸಾಲುಸಾಲಾಗಿ ಬರೆದಿರುತ್ತದೆ. ಶಕ್ತಿಯ ಅಂಕಿ ಸೊನ್ನೆಯ ಸುತ್ತ, ಕೆಳಗೆ ಏಳು, ಮೇಲೆ ಏಳರ ಒಳಗಿದ್ದರೆ ಒಳ್ಳೆಯದು ಎನ್ನುತ್ತಾರೆ. ನನ್ನದು ಸೊನ್ನೆಗಿಂತ ಹನ್ನೆರಡು ಕೆಳಗಿತ್ತು. ತಂತಿಯ ಜಾಡು ಹಿಡಿದು ನೆಲಮಾಳಿಗೆಗೆ ಇಳಿದರೆ, ಹಿಂದಿನ ಮಾಲೀಕರು ನಾಲ್ಕು ಕೋಣೆಗಳ ಟೀವಿಗೆಂದು ಹಾಕಿದ್ದ ನಾಲ್ಕು ಬಾಯಿಯ ಸ್ಪ್ಲಿಟರ್, ಅಂದರೆ ಒಂದು ತಂತಿಯನ್ನು ನಾಲ್ಕಾಗಿ ಕವಲೊಡೆಸುವ ತುಂಡು, ಹಾಗೆಯೇ ಉಳಿದುಕೊಂಡಿತ್ತು. ಅಂಥ ಸ್ಪ್ಲಿಟರ್ ಒಂದೊಂದು ಬಾಯಿಗೂ ಸುಮಾರು ಏಳು ಡೆಸಿಬೆಲ್, ಅಂದರೆ ಆ ಶಕ್ತಿಯ ಅಂಕಿಯಲ್ಲಿ ಏಳರಷ್ಟು, ನುಂಗುತ್ತದೆ. ಅದನ್ನು ಕಿತ್ತೊಗೆದು ಎರಡು ಡಾಲರಿನ ಜೋಡಣೆಯ ತುಂಡು ಹಾಕಿ ಮೇಲೆ ಬಂದು ನೋಡಿದರೆ ಹನ್ನೆರಡು ಇದ್ದದ್ದು ಐದಕ್ಕೆ ಬಂದಿತ್ತು. ತನ್ನ ಹೊಲದ ಬಾವಿಗೆ ತಾನೇ ಪಂಪು ಇಳಿಸಿ ನೀರೆತ್ತಿದ ರೈತನಿಗೆ ಆಗುವ ಸಂತೋಷ ಎಂಥದೆಂದು ಅಂದು ನನಗೆ ತಿಳಿಯಿತು.

ಇದೆಲ್ಲ ಅಮೆರಿಕದ ಜಾಣತನ, ನಮ್ಮವರಿಗೆ ಒಗ್ಗದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಏಕೆಂದರೆ ನನ್ನ ಅಪ್ಪನೇ ಇದಕ್ಕೆ ಸಾಕ್ಷಿ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದದ್ದು 2005ರಲ್ಲಿ. ನಮ್ಮ ಮನೆಗೆ 2009ರಲ್ಲಿ, ದೂರವಾಣಿಯ ತಾಮ್ರದ ತಂತಿಯ ಮೇಲೆಯೇ ಬಂತು. ಮಾಡೆಮ್ ಬಾಡಿಗೆಗೆ ಬೇಕೋ, ಕೊಳ್ಳುತ್ತೀರೋ ಎಂದು ಕೇಳಿದಾಗ ಅಪ್ಪ, "ಬಾಡಿಗಿ ಕಟ್ಟಿ ಮನ್ಯಾಗ ಸಾಮಾನ ಇಟ್ಕೊಳ್ಳೂದು ನಮಗ ಸೇರಂಗಿಲ್ಲ" ಎಂದು ಕೊಂಡೇಬಿಟ್ಟಿದ್ದರು. ಅವರ ಲೆಕ್ಕದ ಡೈರಿಯ ಕೊನೆಯ ಪುಟದಲ್ಲಿ, ಹಾಲಿನವನ ಬಾಕಿಯ ಕೆಳಗೆ, 192.168.1.1 ಎಂದೂ ಅದರ ಮುಂದೆ ಅಡ್ಮಿನ್, ಅಡ್ಮಿನ್ ಎಂದೂ ದುಂಡಾದ ಅಕ್ಷರದಲ್ಲಿ ಬರೆದದ್ದು ಇಂದಿಗೂ ಇದೆ. ಮಳೆಗಾಲದಲ್ಲಿ ತಂತಿ ತೊಯ್ದು ವೇಗ ಇಳಿದರೆ ಅವರು ಆ ಪುಟ ತೆರೆದು ಅಂಕಿ ನೋಡಿ, ದೋಷ ಮನೆಯೊಳಗಿನದೋ ಕಂಬದ್ದೋ ಎಂದು ತೀರ್ಮಾನಿಸಿಯೇ ದೂರು ಬರೆಸುತ್ತಿದ್ದರು. ಆಗ ಬರುತ್ತಿದ್ದ ವೇಗವನ್ನು ಈಗ ಹೇಳಿದರೆ ಕಟ್ಟೆಯ ಮೇಲಿನ ಹುಡುಗರು ನಕ್ಕಾರು. ಆದರೂ ಮಾಸ್ತರರಿಗೆ ತಮ್ಮ ಮಾಡೆಮ್ ಗೊತ್ತಿತ್ತು.

ಈಗ ಮನೆಗೆ ಗಾಜಿನ ನೂಲಿನ ಫೈಬರ್ ಬಂದಿದೆ, ಡಬ್ಬಿ ಫ್ರೀ ಬಂದಿದೆ, ಗೊತ್ತಿದ್ದುದು ಹೊರಟುಹೋಗಿದೆ. ಫ್ರೀ ಎಂದರೆ ನಮ್ಮದಲ್ಲ ಎಂದು ಅರ್ಥ. ಅದರ ಸೀರಿಯಲ್ ನಂಬರ್ ಕೇಬಲ್‌ನವರ ಕಚೇರಿಯ ಯಂತ್ರದಲ್ಲಿ ದಾಖಲಾಗಿರುತ್ತದೆ. ಅವರು ದಾಖಲಿಸಿಕೊಳ್ಳದಿದ್ದರೆ ನಾವು ಪೇಟೆಯಿಂದ ಎಂಥ ಡಬ್ಬಿ ತಂದು ಹಚ್ಚಿದರೂ ಉಪಯೋಗವಿಲ್ಲ, ಮತ್ತು ಅವರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋದರೆ ಇದನ್ನು ಒಪ್ಪಿಸಿಯೇ ಹೋಗಬೇಕು. ಬದನೆಕಾಯಿಯನ್ನು ಮೂರು ಸಲ ಒತ್ತಿ ನೋಡುವ, ಇಳಕಲ್ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಎಳೆ ಪರೀಕ್ಷಿಸುವ ನಮ್ಮ ಜನ, ತಮ್ಮ ಮನೆಯ ಮಾತು, ಫೋಟೊ, ಬ್ಯಾಂಕಿನ ವ್ಯವಹಾರವೆಲ್ಲ ಹಾದುಹೋಗುವ ಡಬ್ಬಿಯ ಬಗ್ಗೆ ಮಾತ್ರ "ಕೆಂಪ ದೀಪಾ ಹತ್ತಿದ್ರ ಫೋನ್ ಮಾಡೂದು" ಎಂಬಷ್ಟಕ್ಕೇ ತೃಪ್ತರಾಗಿರುವುದು ನನಗೆ ಅರ್ಥವಾಗುವುದಿಲ್ಲ. "ನಾ ನೋಡ್ಕೋತೀನಿ ಬಿಡ್ರಿ" ಎಂಬ ನಾಲ್ಕು ಮಾತಿಗೆ ನಾವು ಏನೇನು ಬಿಟ್ಟುಕೊಟ್ಟಿದ್ದೇವೆ ಎಂದು ಪಟ್ಟಿ ಮಾಡಹೊರಟರೆ ಡಬ್ಬಿ ಅದರಲ್ಲಿ ಚಿಕ್ಕದು.

ಆ ಹುಡುಗ ಅರ್ಧ ಗಂಟೆಯಲ್ಲಿ ಬಂದ ಎಂಬುದನ್ನು ಹೇಳಲೇಬೇಕು. ನಾನು ಹೇಳಿದ ಹೊಸ ಪಾಸ್‌ವರ್ಡನ್ನು ತನ್ನ ಮೊಬೈಲಿನಿಂದ ಒಳಹೊಕ್ಕು ಹಾಕಿದ. ಹಾಕಿದ ಮೇಲೆ ಅದನ್ನೇ ತನ್ನ ಮೊಬೈಲಿನಲ್ಲಿಯೂ ಬರೆದುಕೊಂಡ. ನಾನು ದುರುಗುಟ್ಟಿ ನೋಡಿದ್ದಕ್ಕೆ, "ಮುಂದ ಮಾಸ್ತರ್ರು ಮರತ್ರ ಬೇಕಾಗತೈತ್ರಿ" ಎಂದ. ಅವ್ವ ಅವನಿಗೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಇಲ್ಲಿಗೆ ಮುಗಿಸಿದ್ದರೆ, ಡಬ್ಬಿ ನಮ್ಮದೇ ಇರಬೇಕೆಂಬ ನನ್ನ ವಾದ ಗೆದ್ದಂತೆಯೇ ಇತ್ತು. ಆದರೆ ಓಹಾಯೋಗೆ ಮರಳಿದ ಮೇಲೆ, ಫೆಬ್ರುವರಿಯಲ್ಲಿ ಹಿಮ ಕರಗುವ ಹೊತ್ತಿಗೆ, ನನ್ನ ಸಂಪರ್ಕ ದಿನಕ್ಕೆ ಹತ್ತು ಸಲ ಕಡಿಯತೊಡಗಿತು. ಪುಟ ತೆರೆದು ನೋಡಿದೆ. ಶಕ್ತಿ ಮತ್ತೆ ಹದಿಮೂರು ಕೆಳಗೆ, ಗದ್ದಲ ವಿಪರೀತ, ತಪ್ಪುಗಳ ಪಟ್ಟಿ ಮಾರುದ್ದ. ಮನೆಯೊಳಗೆ ದೋಷವಿಲ್ಲವೆಂದು ಅಪ್ಪನ ಹಾಗೆಯೇ ಖಚಿತ ಮಾಡಿಕೊಂಡು ಕಂಪನಿಗೆ ಫೋನ್ ಮಾಡಿ ಎಲ್ಲ ಅಂಕಿಗಳನ್ನೂ ಓದಿದೆ. ಫೋನೆತ್ತಿದವರು ಪೂರ್ತಿ ಕೇಳಿಸಿಕೊಂಡು, ಮಾಡೆಮ್ ನಿಮ್ಮದೇ ಆದ್ದರಿಂದ ಮೊದಲು ಅದನ್ನು ಬದಲಿಸಿ ನೋಡಿ ಎಂದರು. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಬೇರೆ ಬೇರೆಯವರು, ಮಾತು ಮಾತ್ರ ಒಂದೇ. ಕೊನೆಗೆ ವಾಪಸು ಕೊಡುವ ಕರಾರಿನ ಮೇಲೆ ಇನ್ನೊಂದು ಮಾಡೆಮ್ ತಂದು, ಅದರಲ್ಲಿಯೂ ಅದೇ ಅಂಕಿ ಬರುತ್ತದೆ ಎಂದು ತೋರಿಸಿದ ಮೇಲೆಯೇ ಒಂಬತ್ತನೆಯ ದಿನ ಒಬ್ಬರು ಬಂದರು. ಹೊರಗೋಡೆಯ ಜೋಡಣೆಯೊಳಗೆ ನೀರು ಇಳಿದು ಹಸಿರುಗಟ್ಟಿತ್ತು. ಹತ್ತು ನಿಮಿಷದ ಕೆಲಸ. ಬಾಡಿಗೆಯ ಮಾಡೆಮ್ ಇಟ್ಟುಕೊಂಡಿದ್ದರೆ ಆ ಒಂದು ನೆಪವಾದರೂ ಅವರಿಗೆ ಇರುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಬಿಡೋಣವೆಂದುಕೊಂಡಿದ್ದೆ. ನನ್ನದೇ ಎಂದು ಬೀಗುವ ಆ ಮಾಡೆಮ್ಮಿನ ಒಳಗಿನ ತಂತ್ರಾಂಶವನ್ನು ನಾನು ಹೊಸದು ಮಾಡುವಂತಿಲ್ಲ. ಅದನ್ನು ಕೇಬಲ್ ಕಂಪನಿಯೇ, ತನಗೆ ಬೇಕಾದಾಗ, ಆಚೆಯಿಂದ ತುಂಬುತ್ತದೆ. ಎತ್ತು ನನ್ನದು, ಮೂಗುದಾಣ ಅವರ ಕೈಯಲ್ಲಿ.

ಮಾರ್ಚಿನಲ್ಲಿ ಹೋಳಿ ಬಂತು. ಬಾಗಲಕೋಟೆಯ ಹೋಳಿ ಎಂಥದೆಂದು ನಾನು ಹೇಳಬೇಕಾಗಿಲ್ಲ. ಬಣ್ಣದ ಬ್ಯಾರಲ್ ಹೇರಿಕೊಂಡು, ಅದರ ಮೇಲೆ ಹುಡುಗರನ್ನು ನಿಲ್ಲಿಸಿಕೊಂಡು ಹೊರಟ ಟ್ರ್ಯಾಕ್ಟರೊಂದು ನಮ್ಮ ಸೆಕ್ಟರಿನ ತಿರುವಿನಲ್ಲಿ ಫೈಬರನ್ನು ಹರಿದುಕೊಂಡು ಹೋಯಿತಂತೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಬಿಟ್ಟುಕೊಟ್ಟು, ನಕ್ಷೆ ಬರೆದು, ಸೆಕ್ಟರು ಅಳೆದು ಕಟ್ಟಿದ ನವನಗರದಲ್ಲಿಯೂ ತಂತಿಗಳು ಗಿಡದಿಂದ ಕಂಬಕ್ಕೆ, ಕಂಬದಿಂದ ಮಾಳಿಗೆಗೆ ಜೋತಾಡುತ್ತಿರುವುದೇಕೆ ಎಂಬುದು ಬೇರೆ ಪ್ರಶ್ನೆ. ಆದರೆ ಅಂದು ಸಂಜೆಯೇ ಆ ಹುಡುಗ, ಕಿವಿಯ ಹಿಂದಿನ ಗುಲಾಬಿ ಬಣ್ಣವೂ ಹೋಗದ ತಲೆಯಲ್ಲಿ, ಏಣಿ ಹೆಗಲ ಮೇಲಿಟ್ಟುಕೊಂಡು ಬಂದು, ಕೂದಲಿನಷ್ಟು ಸಣ್ಣ ಎಳೆಯನ್ನು ಯಂತ್ರದಲ್ಲಿ ಬೆಸೆದು, ರಾತ್ರಿ ಒಂಬತ್ತು ಗಂಟೆಯೊಳಗೆ ಸಂಪರ್ಕ ಕೊಟ್ಟು ಹೋದ. ಡಬ್ಬಿ ಅವರದೇ ಆದ್ದರಿಂದ ಯಾರದು ತಪ್ಪು ಎಂಬ ಮಾತೇ ಹುಟ್ಟಲಿಲ್ಲ. ಒಂಬತ್ತು ಗಂಟೆ, ಒಂಬತ್ತು ದಿನ. ಹೋಲಿಸಬಾರದೆಂದರೂ ಹೋಲಿಕೆ ತಾನಾಗಿಯೇ ಬಂತು.

ಕೊನೆಯ ಸೋಲು ವೇಗದ್ದು. ಕೇಬಲ್ ತಂತಿ ಹುಟ್ಟಿದ್ದು ಟೀವಿಗಾಗಿ, ಮನೆಯ ಕಡೆಗೆ ಸುರಿಯುವುದಕ್ಕಾಗಿ. ಮನೆಯ ಕಡೆಗೆ ಇಳಿಯಲು ಕಂಪನಾಂಕದ ಲೆಕ್ಕದಲ್ಲಿ 54 ಮೆಗಾಹರ್ಟ್ಜ್‌ನಿಂದ ಸಾವಿರದವರೆಗೆ ಹೆದ್ದಾರಿ ಇದ್ದರೆ, ಮನೆಯಿಂದ ಮೇಲೆ ಕಳಿಸಲು ಹಳೆಯ ಏರ್ಪಾಡಿನಲ್ಲಿ 5ರಿಂದ 42ರವರೆಗಿನ ಒಂದು ಕಾಲುದಾರಿ ಮಾತ್ರ. ಹೀಗಾಗಿ ನನಗೆ ಇಳಿಯುವುದು 400 ಎಂಬಿಪಿಎಸ್, ಏರುವುದು ಬರೀ 10. ಅಪ್ಪನ ಫೈಬರಿನಲ್ಲಿ ಇಳಿಯುವುದೂ 50, ಏರುವುದೂ 50. ಭಾನುವಾರದ ವೀಡಿಯೊ ಕರೆಯಲ್ಲಿ ಅವ್ವನ ಹಣೆಯ ವಿಭೂತಿಯ ಮೂರು ಗೆರೆಗಳೂ ನನಗೆ ಸ್ಪಷ್ಟವಾಗಿ ಕಾಣುತ್ತವೆ. ನನ್ನ ಮನೆಯ ಯಾವುದಾದರೂ ಫೋನು ಆ ಹೊತ್ತಿಗೆ ಫೋಟೊ ಏರಿಸಲು ಶುರುಮಾಡಿದರೆ ಅವರಿಗೆ ನನ್ನ ಮುಖ ಚೌಕಚೌಕಗಳಾಗಿ ಒಡೆದು ಕಾಣುತ್ತದೆ.

ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಬಡಿದು ಊರ ಮನೆಯ ಡಬ್ಬಿ ಸುಟ್ಟಿತು. ಹುಡುಗ ಬೇರೆ ಡಬ್ಬಿ ತಂದು ಹಾಕಿದನೆಂದು ಅಪ್ಪ ಹೇಳಿದಾಗ, ನಾನು ಮೊದಲು ಕೇಳಿದ್ದು ಪಾಸ್‌ವರ್ಡ್ ಏನಿಟ್ಟ ಎಂದು.

"ನನ್ನ ನಂಬರನ ಇಡು ಅಂತ ನಾನ ಹೇಳಿದ್ನಿ. ನೆನಪಿಡಾಕ ಸಸಾರ ಆಗತೈತಿ" ಎಂದರು. ಅವರ ಬೆನ್ನ ಹಿಂದಿನ ಕಿಟಕಿಯಾಚೆ ಕಟ್ಟೆಯ ಮೇಲೆ ಬಗ್ಗಿದ ತಲೆಗಳು ಸಾಲಾಗಿ ಕಾಣುತ್ತಿದ್ದವು, ಎಣಿಸಿದೆ, ಏಳಿದ್ದವು. ಈ ವಿಷಯದಲ್ಲಿ ಸವಿಸ್ತಾರವಾಗಿ ಮಾತಾಡಬೇಕೆಂದು ನಾನು ಶುರುಮಾಡಿ ಎರಡು ನಿಮಿಷವಾದರೂ ಆಗಿರಬೇಕು, ಅಪ್ಪ ಕನ್ನಡಕ ಸರಿಮಾಡಿಕೊಂಡು ಫೋನನ್ನು ಹತ್ತಿರಕ್ಕೆ ತಂದು, "ನಿನ್ನ ಮುಖಾ ನಿಂತೈತಿ ನೋಡು, ಒಂದ್ಸಲ ಕಟ್ ಮಾಡಿ ಹಚ್ಚು" ಎಂದರು.