ಅಮ್ಮನ ಫೋನಿನ ಉಗ್ರಾಣ

ಅಮ್ಮನ ಫೋನ್ ಮೂರು ದಿನದಿಂದ ಒಂದೇ ರಾಗ ಎಳೆಯುತ್ತಿತ್ತು: ಜಾಗ ಇಲ್ಲ, ಜಾಗ ಇಲ್ಲ. "ನೀನು ಕಂಪ್ಯೂಟರ್ ಓದಿದವನಲ್ವೇನೋ, ಫೋಟೋ ಎಲ್ಲ ಆ ಕಡೆ ಹಾಕಿಕೊಡು" ಅಂದಳು. ಹತ್ತು ನಿಮಿಷದ ಕೆಲಸ ಅಂದುಬಿಟ್ಟೆ. ಆಗಿನ್ನೂ ತಿಂಡಿ ಆಗಿರಲಿಲ್ಲ.

ಮೊದಲ ತಕರಾರು ಕೇಬಲ್ಲಿನದು. ಚುಚ್ಚಿದರೆ ಫೋನ್ ಚಾರ್ಜ್ ಆಗುತ್ತದೆ, ಲ್ಯಾಪ್‌ಟಾಪ್‌ಗೆ ಮಾತ್ರ ಯಾರೋ ಬಂದಿದ್ದಾರೆ ಅನ್ನುವುದೇ ಗೊತ್ತಿಲ್ಲ. ಎರಡು ಸಲ ರೀಸ್ಟಾರ್ಟ್ ಮಾಡಿದ ಮೇಲೆ ಹೊಳೆಯಿತು. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾದ ತಂತಿಯೇ ಇರುವುದಿಲ್ಲ. ಊಟ ಹಾಕುತ್ತದೆ, ಮಾತಾಡುವುದಿಲ್ಲ. ಡ್ರಾಯರಿನಲ್ಲಿದ್ದ ಮೂರನೇ ಕೇಬಲ್ ಮಾತಾಡಿತು.

ಫೋಲ್ಡರ್ ತೆರೆದರೆ ಪೂರ್ತಿ ಖಾಲಿ. ಎದೆ ಧಸಕ್ಕೆಂದಿತು. ಫೋನಿನ ಲಾಕ್ ತೆಗೆದು, ಮೇಲಿನಿಂದ ನೋಟಿಫಿಕೇಶನ್ ಎಳೆದು, 'ಫೈಲ್ ಟ್ರಾನ್ಸ್‌ಫರ್' ಒತ್ತಬೇಕಿತ್ತು. ಅಲ್ಲಿಯವರೆಗೂ ಅದು ಏನನ್ನೂ ತೋರಿಸುವುದಿಲ್ಲ.

ಮುಂಚೆ ಇಷ್ಟು ಗತ್ತು ಇರಲಿಲ್ಲ. ಹಳೇ ಫೋನ್‌ಗಳು ಪೆನ್ ಡ್ರೈವ್ ಥರ, ಮೆಮೊರಿ ಕಾರ್ಡನ್ನೇ ಕಂಪ್ಯೂಟರ್ ಕೈಗೆ ಕೊಟ್ಟುಬಿಡುತ್ತಿದ್ದವು. ಆದರೆ ಅಷ್ಟು ಹೊತ್ತು ಫೋನಿಗೇ ಕಾರ್ಡ್ ಸಿಗುತ್ತಿರಲಿಲ್ಲ. ಒಂದೇ ಡಿಸ್ಕಿನ ಮೇಲೆ ಇಬ್ಬರು ಒಟ್ಟಿಗೆ ಗೀಚಿದರೆ ಲೆಕ್ಕ ಕೆಡುತ್ತದಲ್ಲ, ಅದಕ್ಕೆ. 2011ರ ಆಂಡ್ರಾಯ್ಡ್ 3.0 ಕಾಲದಿಂದ ಫೋನೂ ಕಂಪ್ಯೂಟರೂ ಫೈಲ್ ಕೊಟ್ಟು ತೆಗೆದುಕೊಳ್ಳುವ ಎಂಟಿಪಿ ಅನ್ನುವ ಪದ್ಧತಿ ಬಂತು. ಕ್ಯಾಮೆರಾದಿಂದ ಚಿತ್ರ ಇಳಿಸಲು ಇದ್ದ ಪಿಟಿಪಿಯದೇ ಸಂತಾನ. ಮದುವೆ ಮನೆಯ ಉಗ್ರಾಣದಲ್ಲಿ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಒಬ್ಬ ಮಾವ ಕೂತಿರುತ್ತಾರಲ್ಲ, ಅದೇ ಇದು. ಒಳಗೆ ಬಿಡುವುದಿಲ್ಲ. ಏನು ಬೇಕು ಹೇಳು, ತಂದುಕೊಡುತ್ತೇನೆ. ಒಂದೊಂದೇ ಕೇಳು. ಗೋಡಂಬಿ ತರಲು ಹೋದಾಗ ದ್ರಾಕ್ಷಿ ಕೇಳಬೇಡ.

ನನ್ನ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಸುಮ್ನೆ ಮೌಸ್‌ನಲ್ಲಿ ಎಳೆದು ಹಾಕಿದ್ದರೆ ಮುಗಿಯುತ್ತಿತ್ತೇನೋ. ಆದರೆ ಅಮ್ಮ ಪಕ್ಕದಲ್ಲೇ ನೋಡುತ್ತಿದ್ದಳು, ಓದಿದ್ದು ಕಾಣಬೇಡವೇ? ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆದು, ಜೆಎಂಟಿಪಿಎಫ್‌ಎಸ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು, ಇಡೀ ಫೋನನ್ನೇ ಒಂದು ಫೋಲ್ಡರ್ ಆಗಿ ಮೌಂಟ್ ಮಾಡಲು, ಅಂದರೆ ಕಂಪ್ಯೂಟರಿಗೆ ಜೋಡಿಸಲು, ಹೊರಟೆ. 'ಡಿವೈಸ್ ಬ್ಯುಸಿ' ಅಂತು. ಫೈಲ್ ಮ್ಯಾನೇಜರ್ ಆಗಲೇ ಮಾವನ ಮುಂದೆ ನಿಂತಿತ್ತು. ಅದನ್ನು ಕಳಿಸಿ ಮತ್ತೆ ಪ್ರಯತ್ನಿಸಿದರೆ, ಆಯಿತು! ಗತ್ತಿನಿಂದ ವಾಟ್ಸಾಪ್ ಚಿತ್ರಗಳ ಫೋಲ್ಡರಿಗೆ ಹೊಕ್ಕು ಪಟ್ಟಿ ಕೇಳಿದೆ.

ಕರ್ಸರ್ ಅಲ್ಲಾಡಲಿಲ್ಲ. ಅಮ್ಮ ಕಾಫಿ ತಂದಳು, ಕುಡಿದೆ, ಲೋಟ ತೊಳೆದಿಟ್ಟೆ. ಕೊನೆಗೆ ಪಟ್ಟಿ ಬಂತು: ಹನ್ನೊಂದು ಸಾವಿರ ಚಿಲ್ಲರೆ ಚಿತ್ರ. ಗುಲಾಬಿ, ಗಣೇಶ, ಹಬೆಯಾಡುವ ಕಪ್ಪು, ಹೂವಿನ ಮೇಲೆ ಕೂತ ಗಿಣಿ. ಎಲ್ಲದರ ಮೇಲೂ ಶುಭೋದಯ. ಪಾಪ ಮಾವ ಒಂದೊಂದು ಗಿಣಿಯ ಹೆಸರು, ತೂಕ, ತಾರೀಖು ಕೂಗಿ ಹೇಳಬೇಕಲ್ಲ!

ಕಾಪಿ ಅರ್ಧ ಆಗಿತ್ತು. ಚಿಕ್ಕಮ್ಮನ ಫೋನ್ ಬಂತು. ಅಮ್ಮ ಕೇಬಲ್ ಕಿತ್ತು, ಫೋನ್ ಕಿವಿಗಿಟ್ಟುಕೊಂಡು ಬಾಲ್ಕನಿಗೆ ನಡೆದಳು. 'ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್' ಅಂತ ಟರ್ಮಿನಲ್ ಗೊಣಗಿತು. ಹೀಗೆ ಫೋನನ್ನು ಫೋಲ್ಡರ್ ಆಗಿ ತೋರಿಸುವ ಆಟವನ್ನೆಲ್ಲ ಆಡಿಸುವ ವ್ಯವಸ್ಥೆಯ ಹೆಸರೇ ಫ್ಯೂಸ್. 2005ರಿಂದ ಲಿನಕ್ಸಿನ ತಿರುಳಾದ ಕರ್ನೆಲ್‌ನೊಳಗೇ ಇದೆ. ನಮ್ಮಲ್ಲಿ ಫ್ಯೂಸ್ ಏನಾಗುತ್ತದೆ ಅಂತ ಹೆಸರಿಟ್ಟವರಿಗೆ ಗೊತ್ತಿರಲಿಲ್ಲ ಅನ್ನಿಸುತ್ತೆ.

ಸರಿ, ಅನ್‌ಮೌಂಟ್ ಮಾಡಿ ಹೊಸದಾಗಿ ಶುರು ಮಾಡೋಣ ಅಂದರೆ ಮತ್ತೆ 'ಬ್ಯುಸಿ'. ಯಾರಪ್ಪಾ ಒಳಗಿರೋದು? ಒಂದೊಂದೇ ಪ್ರೋಗ್ರಾಂ ಮುಚ್ಚಿದೆ, ಬೈದೆ. ಇಪ್ಪತ್ತು ನಿಮಿಷದ ಮೇಲೆ ಕಂಡಿತು: ನನ್ನ ಟರ್ಮಿನಲ್ಲೇ ಆ ಫೋಲ್ಡರಿನೊಳಗೆ ಕೂತಿತ್ತು. ಕೋಣೆಯ ನಡುವೆ ಚಾಪೆ ಹಾಕಿ ಕೂತು, ಎಲ್ಲರೂ ಹೊರಗೆ ನಡೀರಿ, ಬೀಗ ಹಾಕಬೇಕು ಅಂತ ಕೂಗುತ್ತಿದ್ದವನು ನಾನೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ಗಿಣಿಯೂ ಲ್ಯಾಪ್‌ಟಾಪ್ ಸೇರಿತು. ಕಟ್ ಮಾಡಿದರೆ ನಡುವೆ ಕೇಬಲ್ ಕಿತ್ತಾಗ ಏನು ಗತಿಯೋ ಅಂತ ಬರೀ ಕಾಪಿ ಮಾಡಿದ್ದೆ.

"ಇನ್ನೂ ಜಾಗ ಇಲ್ಲ ಅಂತಾನೇ ತೋರಿಸ್ತಿದೆಯಲ್ಲೋ?" ಅಮ್ಮ ಫೋನ್ ಮುಂದೆ ಹಿಡಿದಳು.

"ಈಗ ಫೋನಿಂದ ಅಳಿಸಬೇಕಮ್ಮ."

"ಅಯ್ಯೋ, ಒಂದನ್ನೂ ಅಳಿಸಬೇಡ. ನಾಳೆ ಬೆಳಿಗ್ಗೆ ಗುಂಪಿಗೆ ಏನು ಕಳಿಸ್ಲಿ?"