ಅಪ್ಪಾಜಿಯ ಟ್ಯಾಬೂ ಮಿಕ್ಸಿ ದುಡ್ಡೂ

"ಹ್ಯಾಕ್ ಆಗೈತಿ ಕಣಪ್ಪ." ಶನಿವಾರ ಸಂಜೆ ಮಂಡಕ್ಕಿ ಪೊಟ್ಟಣ ಬಿಚ್ಚುವ ಹೊತ್ತಿಗೆ ಅಪ್ಪಾಜಿ ಹೇಳಿದ್ದು ಇಷ್ಟೇ. ಅವರ ಮೊಬೈಲ್‌ಗೆ ಮೂರು ಮೆಸೇಜ್ ಬಂದಿದ್ದವು. ಶಾಪಿಂಗ್ ಆ್ಯಪ್‌ನಲ್ಲಿ 400, ಮತ್ತೆ 400, ಆಮೇಲೆ 800 ರೂಪಾಯಿಯ ಖರೀದಿ. ಇವರು ಏನೂ ತರಿಸಿಲ್ಲ. ಮನೆಗೆ ಪಾರ್ಸೆಲ್ಲೂ ಬಂದಿಲ್ಲ. ಅಪ್ಪಾಜಿ ಶಾಪಿಂಗ್ ಮಾಡುವುದು ಟ್ಯಾಬ್‌ನಲ್ಲಿ ಮಾತ್ರ. ಹಾಗಾಗಿ ಟ್ಯಾಬೇ ಕಳ್ಳ ಅಂತ ಮಂಡಕ್ಕಿ ಮುಗಿಯೋದರೊಳಗೆ ತೀರ್ಮಾನವಾಯಿತು.

ನಾನೂ ತಲೆ ಓಡಿಸಲಿಲ್ಲ. ಮೊದಲು ವೈಫೈ ಪಾಸ್‌ವರ್ಡ್ ಬದಲಿಸಿದೆ. ನಮ್ಮ ಮೇಲಿನ ರೂಮಿನಲ್ಲಿ ಒಬ್ಬ ಹುಡುಗ ಬಾಡಿಗೆಗಿದ್ದಾನೆ. ದಾವಣಗೆರೆಯಲ್ಲಿ ಯಾವ ಬೀದಿಗೆ ಹೋದರೂ ಇಂಜಿನಿಯರಿಂಗ್ ಹುಡುಗರೇ ಅಲ್ವಾ. ಇವನದು ಕಂಪ್ಯೂಟರ್ ಸೈನ್ಸ್ ಬೇರೆ! ನಮ್ಮ ವೈಫೈಯನ್ನೇ ಬಳಸುತ್ತಿದ್ದ. ಹೊಸ ಪಾಸ್‌ವರ್ಡ್ ಕೇಳಲು ಬಂದಾಗ "ನೆಟ್ ಸರಿ ಇಲ್ಲಪ್ಪ" ಅಂದೆ. ಹಿಂದೆ ಟಿವಿಯಲ್ಲಿ ಯೂಟ್ಯೂಬ್ ಓಡುತ್ತಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಸುಮ್ನೆ ಮೆಟ್ಟಿಲು ಹತ್ತಿದ.

ಭಾನುವಾರ ಟ್ಯಾಬನ್ನು ಮೊಬೈಲ್ ಅಂಗಡಿಗೆ ಒಯ್ದೆ. ಅಂಗಡಿಯವನು ಎರಡು ಸಲ ಮೇಲೆ ಕೆಳಗೆ ಉಜ್ಜಿ, "ವೈರಸ್ ಸಾರ್, ರಿಸೆಟ್ ಹೊಡೀಬೇಕು" ಅಂದ. 350 ರೂಪಾಯಿ. ಹತ್ತು ನಿಮಿಷಕ್ಕೆ ಟ್ಯಾಬ್ ಹೊಸದರಂತೆ ಆಯಿತು. ಫೋಟೋಗಳೂ ಹೋದವು. ಸೂಳೆಕೆರೆ ಏರಿ ಮೇಲೆ ಅವ್ವನ ಜೊತೆ ತೆಗೆಸಿಕೊಂಡಿದ್ದೂ ಅದರಲ್ಲೇ ಇತ್ತು. ಬ್ಯಾಕಪ್ ಇದೆಯಾ ಅಂತ ಅವನು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ರೋಗ ಏನೆಂದು ನೋಡದೆ ರಿಸೆಟ್ ಹೊಡೆಯುವವರ ಮೇಲೆ ನನಗೆ ಈಗ ಕೆಟ್ಟ ಸಿಟ್ಟು. ಒಂದು ವೇಳೆ ನಿಜವಾಗಿ ಹ್ಯಾಕ್ ಆಗಿದ್ದರೆ ಪೊಲೀಸರಿಗೆ ತೋರಿಸಲು ಸಾಕ್ಷಿಯೂ ಉಳಿಯುತ್ತಿರಲಿಲ್ಲ.

ಮಂಗಳವಾರ ಮತ್ತೆ ಮೆಸೇಜ್. 400 ರೂಪಾಯಿ.

ಆಗ ನನ್ನ ಬುದ್ಧಿ ಎಚ್ಚರವಾಯಿತು. ಟ್ಯಾಬ್ ಬೀರುವಿನಲ್ಲಿ ಆಫ್ ಆಗಿ ಮಲಗಿತ್ತು. ಅದರಲ್ಲಿ ಇನ್ನೂ ಖಾತೆಯನ್ನೇ ಹಾಕಿರಲಿಲ್ಲ. ಅಂದಮೇಲೆ ಖರೀದಿ ಮಾಡುತ್ತಿರುವುದು ಟ್ಯಾಬ್ ಅಲ್ಲ, ಬೇರೆಲ್ಲೋ ತೆರೆದುಕೊಂಡಿರುವ ಅಪ್ಪಾಜಿಯ ಖಾತೆ. ನನ್ನ ಫೋನ್‌ನಲ್ಲಿ ಅವರ ಶಾಪಿಂಗ್ ಖಾತೆ ತೆರೆದು ಆರ್ಡರ್ ಪಟ್ಟಿ ನೋಡಿದೆ. ಶನಿವಾರವೇ ಮಾಡಬೇಕಿದ್ದ ಕೆಲಸ ಇದು. ನಾಲ್ಕೂ ಗೇಮ್ ರೀಚಾರ್ಜ್ ಕೋಡ್‌ಗಳು. ಕೋಡ್ ಬರುವುದು ಇಮೇಲ್‌ಗೆ, ಅದಕ್ಕೇ ಪಾರ್ಸೆಲ್ ಇಲ್ಲ. ಅಪ್ಪಾಜಿಯ ಮೇಲ್‌ನಲ್ಲಿ ಓದದೇ ಬಿಟ್ಟ ಪತ್ರಗಳು 4,000ಕ್ಕೂ ಜಾಸ್ತಿ. ಯಾರು ನೋಡುತ್ತಾರೆ!

ದುಡ್ಡು ಎಲ್ಲಿಯದು ಗೊತ್ತಾ? ಹಿಂದೆ ವಾಪಸ್ ಕಳಿಸಿದ ಮಿಕ್ಸಿಯ 2,640 ರೂಪಾಯಿ ಬ್ಯಾಂಕಿಗೆ ಬರದೆ ಆ ಆ್ಯಪ್‌ನಲ್ಲೇ ಗಿಫ್ಟ್ ಬ್ಯಾಲೆನ್ಸ್ ಆಗಿ ಕೂತಿತ್ತು. ಅದನ್ನು ಖರ್ಚು ಮಾಡಲು ಓಟಿಪಿ ಕೇಳಿರಲಿಲ್ಲ.

ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಖಾತೆ ಯಾವ್ಯಾವ ಫೋನಿನಲ್ಲಿ ತೆರೆದಿದೆ ಅಂತ ಪಟ್ಟಿ ಇರುತ್ತದೆ. ಅಪ್ಪಾಜಿಯ ಪಟ್ಟಿಯಲ್ಲಿ ಅವರ ಹಳೇ ಫೋನ್ ಇತ್ತು. ಅದನ್ನು ಚಿತ್ರದುರ್ಗದ ಅಕ್ಕನ ಮಗನಿಗೆ ಯುಗಾದಿಗೆ ಕೊಟ್ಟಿದ್ದೆವು. ಸಿಮ್ ತೆಗೆದು ಕೊಟ್ಟಿದ್ದೆವು ಅಷ್ಟೇ. ರಿಸೆಟ್ ಹೊಡೆಯಬೇಕಿದ್ದದ್ದು ಅದಕ್ಕೆ, ಹೊಡೆದದ್ದು ಟ್ಯಾಬ್‌ಗೆ.

ಅಕ್ಕನಿಗೆ ಫೋನ್ ಮಾಡಿದೆ. ಹಿಂದಿನಿಂದ ಹುಡುಗನ ದನಿ ಕೇಳಿಸಿತು: "ಮಾವ, ಅದು ಫ್ರೀ ಅನ್ಕೊಂಡೆ." ಹದಿಮೂರು ವರ್ಷ. ಪೂರ್ತಿ ನಂಬಲಿಲ್ಲ, ಪೂರ್ತಿ ಬೈಯಲೂ ಇಲ್ಲ. ಹಳೇ ಫೋನನ್ನು ಎರಡೂ ಖಾತೆಗಳಿಂದ ಹೊರಹಾಕಿ ಪಾಸ್‌ವರ್ಡ್ ಬದಲಿಸಿದೆ. ಎರಡೂ ಅಂತ ಒತ್ತಿ ಹೇಳುತ್ತಿದ್ದೇನೆ. ಗೂಗಲ್‌ನದು ಬದಲಿಸಿದ ಮಾತ್ರಕ್ಕೆ ಶಾಪಿಂಗ್ ಆ್ಯಪ್ ಬಾಗಿಲು ಮುಚ್ಚುವುದಿಲ್ಲ.

ಹಾಗಂತ ಹ್ಯಾಕ್ ಅನ್ನುವುದೇ ಸುಳ್ಳು ಅಂತಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್‌ಗಳು, ಬರುತ್ತವೆ. ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ಅಲೋ ಒತ್ತಿದರೆ ನಮ್ಮ ಓಟಿಪಿಯನ್ನು ಕಳ್ಳರೇ ಓದಿಕೊಳ್ಳುತ್ತಾರೆ. ನೀವು ಹಾಕದ ಆ್ಯಪ್ ಕಂಡರೆ, ಬ್ಯಾಂಕ್ ಖಾತೆಯಿಂದಲೇ ದುಡ್ಡು ಹೋಗಿದ್ದರೆ, ಅಂಗಡಿಗೆ ಓಡಬೇಡಿ. ನೆಟ್ ಆಫ್ ಮಾಡಿ, ಇನ್ನೊಂದು ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ. ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿದ್ದು ಹೀಗೆ: ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ಹೋದ ದುಡ್ಡನ್ನು, ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ನೀವೇ ಓಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದೆಲ್ಲ ನಿಮ್ಮ ನಷ್ಟವೇ ಅಂತಲೂ ಅದರಲ್ಲಿತ್ತು.

ನಮ್ಮ ಮನೆಯಲ್ಲಿ ಹೋದದ್ದು 2,000. ಅಕ್ಕ ಕಳಿಸುತ್ತೇನೆ ಅಂದಳು, ಅಪ್ಪಾಜಿ ಬೇಡ ಅಂದರು. "ದುಡ್ಡು ಹೋಗ್ಲಿ ಬಿಡು, ಆ ಫೋಟೋ ವಾಪಸ್ ತೆಗೆಯೋಕೆ ಆಗುತ್ತಾ ನೋಡು" ಅನ್ನುತ್ತಾ ಈಗಲೂ ಟ್ಯಾಬ್ ಹಿಡಿದುಕೊಂಡು ಬರುತ್ತಾರೆ.

ಬುಧವಾರ ಬೆಳಿಗ್ಗೆ ಹೊಸ ವೈಫೈ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಂಡು ಮೇಲೆ ಹೋದೆ. ಹುಡುಗ ಬಾಗಿಲು ತೆರೆದ. ಚೀಟಿ ಚಾಚಿದೆ.

"ಪರವಾಗಿಲ್ಲ ಅಣ್ಣ, ನಾನು ರೀಚಾರ್ಜ್ ಮಾಡಿಸ್ಕೊಂಡೆ" ಅಂದ.